ಸುಸು ಹೇಳುತ್ತಾಳೆ, ಕಕ್ಕಕ್ಕೆ ಮಾತ್ರ ಡೈಪರ್ ಬೇಕು – ನಿಮ್ಮ ಮನೆಯಲ್ಲೂ ಹೀಗೆ ಆಗಿತ್ತಾ?

ಪುಟ್ಟಿಯ ಅಮ್ಮ, ಮೈಸೂರು

ಎಲ್ಲರಿಗೂ ನಮಸ್ಕಾರ. ಮಗಳಿಗೆ ಈಗಷ್ಟೇ ಮೂರು ವರ್ಷ ತುಂಬಿದೆ. ಸುಸು ವಿಷಯದಲ್ಲಿ ಏನೂ ತೊಂದರೆ ಇಲ್ಲ. ಆಟದ ಮಧ್ಯೆ ಓಡಿ ಬಂದು ಹೇಳುತ್ತಾಳೆ, ಚಡ್ಡಿ ತಾನೇ ಇಳಿಸುತ್ತಾಳೆ, ಮಗ್ಗಿನಲ್ಲಿ ನೀರು ಹಾಕುವುದೂ ಅವಳೇ ಆಗಬೇಕು. ಕಷ್ಟ ಇರೋದು ಕಕ್ಕದ್ದು. ಬಂತು ಅಂದರೆ "ಡೈಪರ್ ಹಾಕು" ಅನ್ನುತ್ತಾಳೆ. ಹಾಕಿದರೆ ಬೀರುವಿನ ಸಂದಿಗೆ ಹೋಗಿ, ಯಾರೂ ನೋಡಬಾರದು ಅಂತ ಹೇಳಿ, ನಿಂತುಕೊಂಡೇ ಮಾಡುತ್ತಾಳೆ.

ಜೂನ್‌ಗೆ ಪ್ಲೇ ಸ್ಕೂಲ್ ಶುರು. ಡೈಪರ್ ಹಾಕಿದ ಮಕ್ಕಳನ್ನು ತೆಗೆದುಕೊಳ್ಳುವುದಿಲ್ಲ ಅಂತ ಮೊದಲೇ ಹೇಳಿದ್ದಾರೆ. ಹಾಗಾಗಿ ಮನೆಯವರೆಲ್ಲ ಮಾತಾಡಿಕೊಂಡು ಡೈಪರ್ ಪೂರ್ತಿ ನಿಲ್ಲಿಸಿದೆವು. ಅವತ್ತಿನಿಂದ ಹೊಟ್ಟೆ ಕಟ್ಟಿದೆ. ಮೂರು ನಾಲ್ಕು ದಿನಕ್ಕೊಮ್ಮೆ ಹೋಗುತ್ತಾಳೆ, ಅದೂ ಕಲ್ಲಿನ ಹಾಗೆ ಗಟ್ಟಿ, ಅಳು. ಮಧ್ಯೆ ಮಧ್ಯೆ ಸೋಫಾ ಅಂಚು ಹಿಡಿದು ತುದಿಗಾಲಲ್ಲಿ ನಿಂತು, ಕಾಲು ಕತ್ತರಿ ಹಾಕಿ, ಮುಖ ಕೆಂಪಗೆ ಮಾಡಿಕೊಂಡು ತಿಣುಕುತ್ತಾಳೆ. ಆದರೂ ಬರೋದಿಲ್ಲ. ಇನ್ನೊಂದು ದಿನ ನೋಡಿದರೆ ಚಡ್ಡಿಗೆ ನೀರು ನೀರಾಗಿ ಅಂಟಿರುತ್ತದೆ. ನಮ್ಮತ್ತೆ ಅದನ್ನು ಭೇದಿ ಅಂದುಕೊಂಡು ಮಜ್ಜಿಗೆ ಅನ್ನ ಮಾತ್ರ ಕೊಡುತ್ತಿದ್ದಾರೆ.

ಪಕ್ಕದ ಮನೆಯವರು ಹರಳೆಣ್ಣೆ ಕುಡಿಸಿ ಅನ್ನುತ್ತಾರೆ. ಊರಿಂದ ಬಂದ ದೊಡ್ಡಮ್ಮ ವೀಳ್ಯದೆಲೆ ತೊಟ್ಟಿಗೆ ಎಣ್ಣೆ ಸವರಿ ಇಡೋಣ ಅನ್ನುತ್ತಾರೆ. ಹಠ, ಎರಡು ಏಟು ಕೊಟ್ಟರೆ ಸರಿಹೋಗುತ್ತದೆ ಅನ್ನುವವರೂ ಇದ್ದಾರೆ. ನನಗೆ ಅವಳನ್ನು ಹೆದರಿಸುವುದು ಸ್ವಲ್ಪವೂ ಇಷ್ಟವಿಲ್ಲ. ಈ ಹಾದಿ ದಾಟಿದವರು ದಯವಿಟ್ಟು ಹೇಳಿ.

ಧಾರವಾಡದ ಅಪ್ಪ

ನಮ್ಮ ಮಗನದ್ದು ಇದೇ ಕಥೆ. ಬೀರು ಸಂದಿಯ ಬದಲು ಬಾಗಿಲ ಹಿಂದೆ, ಅಷ್ಟೇ ವ್ಯತ್ಯಾಸ. ಮೊದಲು ಒಂದು ಮಾತು ಹೇಳುತ್ತೇನೆ, ಡೈಪರ್ ವಾಪಸ್ ಕೊಡಿ. ಕೇಳಿದ ತಕ್ಷಣ ಕೊಡಿ, ಮುಖ ಗಂಟು ಹಾಕದೆ ಕೊಡಿ. ಹೊಟ್ಟೆಯೊಳಗೆ ಇಟ್ಟುಕೊಳ್ಳುವುದಕ್ಕಿಂತ ಡೈಪರಿನಲ್ಲಿ ಮಾಡೋದು ಸಾವಿರ ಪಾಲು ಮೇಲು.

ಆಮೇಲೆ ನಾವು ಮಾಡಿದ್ದು ಹೀಗೆ. ಡೈಪರ್ ಹಾಕಿಸಿಕೊಂಡು ಬಾತ್‌ರೂಮಿನಲ್ಲಿ ನಿಂತು ಮಾಡಬಹುದು ಅಂದೆವು. ಅದು ರೂಢಿಯಾದ ಮೇಲೆ, ಡೈಪರ್ ಹಾಕಿಕೊಂಡೇ ಪಾಟಿ, ಅಂದರೆ ಮಕ್ಕಳ ಪುಟ್ಟ ಟಾಯ್ಲೆಟ್ ಸೀಟು, ಅದರ ಮೇಲೆ ಕೂರುವುದು. ಆಮೇಲೆ ಡೈಪರ್ ಪಟ್ಟಿ ಸಡಿಲ ಮಾಡಿ ಕೂರಿಸುವುದು. ಕೊನೆಗೆ ಡೈಪರ್ ಬಿಚ್ಚಿ ಪಾಟಿಯ ಒಳಗೆ ಹಾಸಿಟ್ಟೆವು, ಅವನು ಅದರ ಮೇಲೆ ಮಾಡಿದ. ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಅವನು ಒಪ್ಪಿದಾಗ ಮಾತ್ರ ಹೋದೆವು. ಒಂದು ಕಡೆ ಸಿಕ್ಕಿಕೊಂಡರೆ ಹಿಂದಿನ ಹೆಜ್ಜೆಗೆ ಬಂದೆವು. ಅವನಿಗೆ ಭಯ ಇದ್ದದ್ದು ಪಾಟಿಯದ್ದಲ್ಲ, ಮೈಯಿಂದ ಏನೋ ಕೆಳಗೆ ಬೀಳುತ್ತದೆ ಅನ್ನೋದು. ಡೈಪರ್ ಹಾಸಿದಾಗ ಬಿದ್ದ ಸದ್ದು ಬರಲಿಲ್ಲ. ಅದಕ್ಕೇ ಒಪ್ಪಿಕೊಂಡ ಅಂತ ನನ್ನ ನಂಬಿಕೆ.

ಆದರೆ ನಿಮ್ಮ ಮಗಳಿಗೆ ಈಗಾಗಲೇ ಹೊಟ್ಟೆ ಕಟ್ಟಿದೆ. ಅದು ಮೊದಲು ಸರಿಹೋಗಬೇಕು. ಹಾಗಾಗಿ ಡಾಕ್ಟರ್‌ಗೆ ತೋರಿಸಿ.

ಶಿರಸಿ ಅಜ್ಜಿ

ನಮ್ಮ ಕಾಲದಲ್ಲಿ ಡೈಪರ್ ಎಲ್ಲಿತ್ತು? ಬಾಣಂತನದಲ್ಲೇ ಶುರು. ಕಾಲು ನೀಡಿ ಕೂತು, ಎರಡು ಪಾದ ಜೋಡಿಸಿ, ಅದರ ಮೇಲೆ ಮಗುವನ್ನು ಕೂರಿಸಿಕೊಂಡು "ಸ್ಸ್ಸ್" ಅನ್ನುತ್ತಿದ್ದೆವು. ಎದ್ದ ಕೂಡಲೆ ಒಮ್ಮೆ, ಹಾಲು ಕುಡಿದ ಮೇಲೆ ಒಮ್ಮೆ. ಮಗುವಿನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಹುಬ್ಬು ಗಂಟಿಕ್ಕಿ, ಆಟ ನಿಲ್ಲಿಸಿ, ಒಂದೇ ಕಡೆ ನೋಡುತ್ತಿದ್ದರೆ ಎತ್ತಿಕೊಂಡು ಓಡಬೇಕು. ವರ್ಷ ತುಂಬುವ ಹೊತ್ತಿಗೆ ಮುಕ್ಕಾಲು ಪಾಲು ದಾರಿಗೆ ಬರುತ್ತಿದ್ದವು. ಈಗಿನವರು ಎರಡೂವರೆ ವರ್ಷದವರೆಗೆ ಬಿಟ್ಟು ಆಮೇಲೆ ಒಂದೇ ಸಲ ಕಲಿ ಅಂದರೆ ಮಗುವಾದರೂ ಏನು ಮಾಡೀತು?

ಹೊಡೆಯುವ ಮಾತು ಮಾತ್ರ ಬೇಡ. ಹೊಡೆದು ಹೊಟ್ಟೆ ಇಳಿಸಿದವರನ್ನು ನಾನಂತೂ ನೋಡಿಲ್ಲ.

ಅವಳಿ ಮಕ್ಕಳ ತಾಯಿ, ಬೆಂಗಳೂರು

ಅಜ್ಜಿ, ನೀವು ಹೇಳಿದ್ದು ನಿಜ. ಕೀನ್ಯಾ ಕಡೆಯ ಡಿಗೋ ಜನರಲ್ಲೂ ಹೀಗೇ ಮಾಡುತ್ತಾರೆ. ಹುಟ್ಟಿದ ಕೆಲವು ವಾರಕ್ಕೇ ಶುರು ಮಾಡಿ, ಐದಾರು ತಿಂಗಳಿಗೆ ಮಕ್ಕಳು ಒದ್ದೆ ಮಾಡುವುದೇ ಕಡಿಮೆ ಅಂತ 1977ರಲ್ಲಿ ಒಂದು ಅಧ್ಯಯನ ಪ್ರಕಟವಾಗಿತ್ತು. ಆದರೆ ಅಲ್ಲಿ ತಾಯಿ ಇಡೀ ದಿನ ಮಗುವಿನ ಮೈಗೇ ಅಂಟಿಕೊಂಡಿರುತ್ತಾಳೆ. ಸೂಚನೆ ಹಿಡಿಯುವುದು ಅವಳೇ. ನಾನು ಬೆಳಿಗ್ಗೆ ಎಂಟಕ್ಕೆ ಮನೆ ಬಿಡುತ್ತೇನೆ. ಮಕ್ಕಳು ಡೇಕೇರಿನಲ್ಲಿ. ಅಲ್ಲಿ ಇಬ್ಬರು ಆಯಾಗಳಿಗೆ ಹತ್ತು ಹನ್ನೆರಡು ಮಕ್ಕಳು. ಯಾರ ಹುಬ್ಬು ಯಾವಾಗ ಗಂಟಿಕ್ಕಿತು ಅಂತ ನೋಡುವವರು ಯಾರು?

ಇನ್ನೊಂದು ಕಡೆ ನೋಡಿ. ಅಮೆರಿಕದ ಮಕ್ಕಳ ವೈದ್ಯ ಬ್ರೇಜಲ್ಟನ್ 1962ರಲ್ಲಿ 1,170 ಮಕ್ಕಳ ವಿವರ ಪ್ರಕಟಿಸಿದರು. ಒತ್ತಾಯ ಮಾಡದೆ, ಮಗು ತಯಾರಾದಾಗ ಕಲಿಸಿದ ಮಕ್ಕಳು ಅವರು. ಹಗಲು ಹೊತ್ತಿನ ಅಭ್ಯಾಸ ಕೂಡಿಬಂದದ್ದು ಸರಾಸರಿ 28.5 ತಿಂಗಳಿಗೆ. ಅದರ ಲೆಕ್ಕದಲ್ಲಿ ಮೂರು ವರ್ಷದ ಹುಡುಗಿ ಸುಸು ಪೂರ್ತಿ ಕಲಿತು ಕಕ್ಕಕ್ಕೆ ತಡವರಿಸುತ್ತಿದ್ದರೆ ಹಿಂದುಳಿದಿದ್ದಾಳೆ ಅನ್ನುವುದಕ್ಕೆ ಆಗುವುದಿಲ್ಲ. ನನ್ನ ಅವಳಿಗಳಲ್ಲೇ ಒಬ್ಬಳು ಎರಡು ವರ್ಷಕ್ಕೆ ಕಲಿತಳು, ಇನ್ನೊಬ್ಬ ಮೂರು ದಾಟಿದ ಮೇಲೆ. ಮನೆ ಒಂದೇ, ಪಾಟಿ ಒಂದೇ, ಅಮ್ಮನೂ ಒಬ್ಬಳೇ.

ಮಕ್ಕಳ ವಾರ್ಡ್ ನರ್ಸ್, ದಾವಣಗೆರೆ

ನಾನು ಡಾಕ್ಟರ್ ಅಲ್ಲ, ಆದರೆ ಬಹಳ ವರ್ಷದಿಂದ ಮಕ್ಕಳ ವಾರ್ಡಿನಲ್ಲಿದ್ದೇನೆ. ಇಂಥ ಮಕ್ಕಳು ಬರುತ್ತಲೇ ಇರುತ್ತಾರೆ. ಪುಟ್ಟಿಯ ಅಮ್ಮ ಬರೆದದ್ದರಲ್ಲಿ ಎರಡು ವಿಷಯವನ್ನು ಎಲ್ಲರೂ ಗಮನಿಸಬೇಕು.

ಸೋಫಾ ಹಿಡಿದು ತುದಿಗಾಲಲ್ಲಿ ನಿಂತು ಕಾಲು ಕತ್ತರಿ ಹಾಕುವುದು ತಿಣುಕುವುದಲ್ಲ. ಅದು ತಡೆಯುವುದು. ಹೊರಗೆ ಹಾಕಬೇಕು ಅನ್ನುವ ಮಗು ಮಂಡಿ ಮಡಚುತ್ತದೆ, ಕುಕ್ಕರುಗಾಲಲ್ಲಿ ಕೂರುತ್ತದೆ. ಮೈ ನೆಟ್ಟಗೆ ಮಾಡಿ, ತೊಡೆ ಬಿಗಿದು, ಕುಂಡೆ ಒತ್ತಿಕೊಂಡು ನಿಂತರೆ ಒಳಗೇ ಇಟ್ಟುಕೊಳ್ಳಲು ಒದ್ದಾಡುತ್ತಿದೆ ಅಂತ ಅರ್ಥ. ಮುಖ ಕೆಂಪಾಗುವುದು ಆ ಒದ್ದಾಟಕ್ಕೆ. ಆ ಹೊತ್ತಿನಲ್ಲಿ ಸುತ್ತ ನಿಂತು "ಮಾಡು, ಮಾಡು" ಅಂದರೆ ಅದಕ್ಕೆ ಇನ್ನೂ ಗಾಬರಿ.

ಎರಡನೆಯದು ಚಡ್ಡಿಗೆ ಅಂಟುವ ನೀರು. ಹೊಟ್ಟೆ ಕಟ್ಟಿರುವ ಮಗುವಿನಲ್ಲಿ ಅದು ಭೇದಿ ಇರುವುದು ಕಡಿಮೆ. ಗುದದ ಮೇಲ್ಭಾಗದಲ್ಲಿ ಮಲ ಗಟ್ಟಿಯಾಗಿ ಕೂತಿರುತ್ತದೆ. ಮೇಲಿನಿಂದ ಬರುವ ತೆಳು ಮಲ ಅದರ ಪಕ್ಕದಿಂದ ಜಾರಿ ಸೋರುತ್ತದೆ. ಅದನ್ನು ಭೇದಿ ಅಂತ ಪಥ್ಯ ಮಾಡಿಸಿದರೆ, ಭೇದಿ ನಿಲ್ಲುವ ಔಷಧಿ ಕೊಟ್ಟರೆ, ಒಳಗಿನದು ಇನ್ನೂ ಕಟ್ಟಿಕೊಳ್ಳುತ್ತದೆ. ಅತ್ತೆಯವರಿಗೆ ದಯವಿಟ್ಟು ಇದನ್ನು ತಿಳಿಸಿ. ಅವರು ಪ್ರೀತಿಯಿಂದಲೇ ಮಾಡುತ್ತಿದ್ದಾರೆ.

ಇದು ಶುರುವಾಗುವುದು ಹೀಗೆ. ಯಾವತ್ತೋ ಒಂದು ದಿನ ಗಟ್ಟಿಯಾಗಿ ಹೋಗಿ ನೋವಾಗುತ್ತದೆ, ಚರ್ಮ ಸ್ವಲ್ಪ ಸೀಳುತ್ತದೆ, ಒಂದು ಗೆರೆ ರಕ್ತ ಕಾಣುತ್ತದೆ. ಮಗು ಅದನ್ನು ಮರೆಯುವುದಿಲ್ಲ. ಮತ್ತೆ ಬಂದಾಗ ತಡೆಯುತ್ತದೆ. ತಡೆದಷ್ಟೂ ಕರುಳು ಅದರ ನೀರು ಹೀರಿಕೊಳ್ಳುತ್ತದೆ. ಮಲ ದಪ್ಪ ಆಗುತ್ತದೆ, ಗಟ್ಟಿ ಆಗುತ್ತದೆ, ಮುಂದಿನ ಸಲ ಇನ್ನೂ ನೋವು. ವಾರಗಟ್ಟಲೆ ಹೀಗೆ ನಡೆದರೆ ಗುದನಾಳ ಹಳೇ ಚಡ್ಡಿಯ ಎಲಾಸ್ಟಿಕ್ ಹಾಗೆ ಹಿಗ್ಗುತ್ತದೆ. ಆಮೇಲೆ "ಬಂತು" ಅನ್ನುವ ಸೂಚನೆಯೇ ಮಂಕಾಗುತ್ತದೆ. ಸೋರಿದ್ದು ಮಗುವಿಗೆ ನಿಜವಾಗಿಯೂ ಗೊತ್ತಾಗುವುದಿಲ್ಲ. ಇಷ್ಟು ದೊಡ್ಡವಳಾಗಿ ನಾಚಿಕೆ ಇಲ್ವಾ ಅಂತ ಕೇಳಬೇಡಿ. ಇದನ್ನು ಹಠ ಅನ್ನಬೇಡಿ. ಇದು ನೋವಿನ ನೆನಪು.

ಹಾಗಾಗಿ ಈಗ ಪಾಟಿ ಟ್ರೈನಿಂಗ್ ನಿಲ್ಲಿಸಿ. ಧಾರವಾಡದವರು ಹೇಳಿದಂತೆ ಡೈಪರ್ ಕೊಡಿ. ಡಾಕ್ಟರ್ ಮೊದಲು ಒಳಗೆ ಕಟ್ಟಿಕೊಂಡದ್ದನ್ನು ಔಷಧಿಯಿಂದ ಇಳಿಸುತ್ತಾರೆ. ಆಮೇಲೆ ಮಲ ದಿನಾ ಮೆತ್ತಗೆ ಇರುವಂತೆ ಔಷಧಿ ಮುಂದುವರಿಸುತ್ತಾರೆ. ಸಾಮಾನ್ಯವಾಗಿ ಕೊಡುವುದು ಪಾಲಿಎಥಿಲೀನ್ ಗ್ಲೈಕಾಲ್ ಅನ್ನುವ ಪುಡಿ, ಇಲ್ಲದಿದ್ದರೆ ಲ್ಯಾಕ್ಟುಲೋಸ್ ಸಿರಪ್. ಪ್ರಮಾಣ ಮಗುವಿನ ತೂಕ ನೋಡಿ ಅವರೇ ಹೇಳಬೇಕು, ಇಲ್ಲಿ ಯಾರೂ ಚಮಚದ ಲೆಕ್ಕ ಬರೆಯಬೇಡಿ. ಹರಳೆಣ್ಣೆ ಬೇಡ, ಅದು ಕರುಳನ್ನು ಹಿಂಡಿ ಹೊಟ್ಟೆನೋವು ತರುತ್ತದೆ. ವೀಳ್ಯದೆಲೆ ತೊಟ್ಟು, ಸೋಪಿನ ಕಡ್ಡಿ ಎರಡೂ ಬೇಡವೇ ಬೇಡ. ಅಲ್ಲೇ ನೋವಾಗಿ ಹೆದರಿರುವ ಮಗುವಿಗೆ ಅಲ್ಲೇ ಇನ್ನೊಂದು ಸಲ ಚುಚ್ಚಿದ ಹಾಗೆ.

ಕೆಲವು ಲಕ್ಷಣ ಇದ್ದರೆ ಮಾತ್ರ ಒಂದು ದಿನವೂ ಕಾಯಬೇಡಿ. ಹೊಟ್ಟೆ ಉಬ್ಬಿ ವಾಂತಿ ಆಗುತ್ತಿದ್ದರೆ, ಕಾಲಿನಲ್ಲಿ ಶಕ್ತಿ ಕಡಿಮೆ ಅನ್ನಿಸಿದರೆ, ತೂಕ ಏರದಿದ್ದರೆ, ಅಥವಾ ಹುಟ್ಟಿದಾಗ ಮೊದಲ ಕಪ್ಪು ಮಲ ಹೋಗಲು 48 ಗಂಟೆಗಿಂತ ಜಾಸ್ತಿ ಆಗಿತ್ತು, ಆವತ್ತಿನಿಂದಲೂ ಹೊಟ್ಟೆ ಕಟ್ಟುತ್ತಿದೆ ಅಂದರೆ, ಅದು ಬೇರೆ ತೊಂದರೆ ಇರಬಹುದು.

ಅವಳಿ ಮಕ್ಕಳ ತಾಯಿ, ಬೆಂಗಳೂರು

ಸಿಸ್ಟರ್, ತುಂಬಾ ಥ್ಯಾಂಕ್ಸ್. ಒಂದು ಅನುಮಾನ. ತಿಂಗಳುಗಟ್ಟಲೆ ಇಂಥ ಔಷಧಿ ಕೊಟ್ಟರೆ ಅದೇ ಅಭ್ಯಾಸ ಆಗಿಬಿಡೋದಿಲ್ವಾ? ನಮ್ಮ ಮನೆಯಲ್ಲಿ ಎಲ್ಲರೂ ಇದನ್ನೇ ಹೇಳಿ ನಿಲ್ಲಿಸಿಬಿಡುತ್ತಾರೆ.

ಮಕ್ಕಳ ವಾರ್ಡ್ ನರ್ಸ್, ದಾವಣಗೆರೆ

ಎಲ್ಲರೂ ಕೇಳುವ ಪ್ರಶ್ನೆ ಇದು. ಆ ಪುಡಿ ಮೈಗೆ ಹತ್ತುವುದು ಇಲ್ಲವೆನ್ನುವಷ್ಟು ಕಡಿಮೆ. ಕರುಳಿನಲ್ಲಿ ನೀರು ಹಿಡಿದಿಟ್ಟುಕೊಂಡು ಮಲವನ್ನು ಮೆತ್ತಗೆ ಮಾಡಿ, ಅದರ ಜೊತೆಗೇ ಹೊರಗೆ ಹೋಗುತ್ತದೆ. ಕರುಳಿಗೆ ಚಟ ಹತ್ತಿಸುವುದಿಲ್ಲ. ನಾನು ನೋಡಿದ ಹಾಗೆ ಜಾಸ್ತಿ ಮಕ್ಕಳು ಮತ್ತೆ ವಾರ್ಡಿಗೆ ಬರುವುದು ಔಷಧಿ ಬೇಗ ನಿಲ್ಲಿಸಿದ್ದಕ್ಕೆ. ನಾಲ್ಕು ದಿನ ಚೆನ್ನಾಗಿ ಹೋಯಿತು, ಸಾಕು ಅಂತ ನಿಲ್ಲಿಸುತ್ತಾರೆ. ಹಿಗ್ಗಿದ ಗುದನಾಳ ಅಷ್ಟರಲ್ಲಿ ಮೊದಲಿನಂತೆ ಆಗಿರುವುದಿಲ್ಲ.

ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಹೊಟ್ಟೆ ತಜ್ಞರು ಸೇರಿ 2014ರಲ್ಲಿ ಮಾರ್ಗಸೂಚಿ ಕೊಟ್ಟಿದ್ದಾರೆ. ಕನಿಷ್ಠ ಎರಡು ತಿಂಗಳು ಕೊಡಬೇಕು. ತೊಂದರೆ ಪೂರ್ತಿ ಹೋಗಿ ಒಂದು ತಿಂಗಳಾದ ಮೇಲೆ ನಿಧಾನವಾಗಿ ಇಳಿಸಬೇಕು. ಅದರಲ್ಲೇ ಇನ್ನೊಂದು ಮಾತಿದೆ, ಈ ಚರ್ಚೆಗೆ ಅದೇ ಮುಖ್ಯ. ಮಗು ಟಾಯ್ಲೆಟ್ ಕಲಿಯುವ ವಯಸ್ಸಿನಲ್ಲಿದ್ದರೆ, ಕಲಿತು ಮುಗಿಯುವ ತನಕ ಔಷಧಿ ನಿಲ್ಲಿಸಬಾರದು.

ಕನ್ನಡತಿ, ಇಂಗ್ಲೆಂಡ್

ಇಲ್ಲಿನ ಅನುಭವ ಸ್ವಲ್ಪ ಸೇರಿಸುತ್ತೇನೆ. ಊರಿಗೆ ಫೋನ್ ಮಾಡಿದಾಗಲೆಲ್ಲ ಅಮ್ಮ "ಒಣದ್ರಾಕ್ಷಿ ನೆನೆಸಿ ಕೊಡು, ಪಪ್ಪಾಯಿ ಕೊಡು" ಅನ್ನುತ್ತಿದ್ದರು. ಕೊಡಿ, ತಪ್ಪೇನಿಲ್ಲ. ಆದರೆ ಈಗಾಗಲೇ ಗಟ್ಟಿಯಾಗಿ ಕಟ್ಟಿಕೊಂಡದ್ದು ಬರೀ ಹಣ್ಣಿನಿಂದ ಇಳಿಯುವುದಿಲ್ಲ. ಯಾವ ಕಾಯಿಲೆಗೆ ಹೇಗೆ ಚಿಕಿತ್ಸೆ ಕೊಡಬೇಕು ಅಂತ ಡಾಕ್ಟರ್‌ಗಳಿಗೆ ಹೇಳುವ ಇಲ್ಲಿನ ನೈಸ್ (NICE) ಸಂಸ್ಥೆ 2010ರ ಮಾರ್ಗಸೂಚಿಯಲ್ಲಿ ಇದನ್ನೇ ನೇರವಾಗಿ ಹೇಳಿದೆ. ಊಟ ಬದಲಿಸುವುದನ್ನೇ ಮೊದಲ ಚಿಕಿತ್ಸೆ ಅಂತ ಮಾಡಬೇಡಿ, ಔಷಧಿ ಜೊತೆಗೆ ಮಾಡಿ ಅಂತ. ಈ ಒಂದು ಸಾಲು ತೋರಿಸಿದ ಮೇಲೆ ನಮ್ಮಮ್ಮ ಕೂಡ ಪುಡಿಯನ್ನು ಒಪ್ಪಿಕೊಂಡರು.

ಹಾಲಿನ ಲೆಕ್ಕವನ್ನೂ ನೋಡಿ. ನಮ್ಮವರ ಮನೆಗಳಲ್ಲಿ ಊಟ ಮಾಡಲಿಲ್ಲ ಅಂದರೆ ಹಾಲು, ಅತ್ತರೆ ಹಾಲು, ಮಲಗುವ ಮುಂಚೆ ಬಾಟಲಿ ಹಾಲು. ಈ ವಯಸ್ಸಿಗೆ ದಿನಕ್ಕೆ ಅರ್ಧ ಲೀಟರ್ ದಾಟದೆ ಇದ್ದರೆ ಒಳ್ಳೆಯದು. ಹಾಲಿನಲ್ಲೇ ಹೊಟ್ಟೆ ತುಂಬಿದರೆ ಸೊಪ್ಪು, ಕಾಳು, ಹಣ್ಣಿಗೆ ಜಾಗ ಎಲ್ಲಿ? ಮೈಯಲ್ಲಿ ಕಬ್ಬಿಣದ ಅಂಶವೂ ಕಡಿಮೆ ಆಗುತ್ತದೆ.

ಕೂರುವ ರೀತಿ ಬಗ್ಗೆ ಒಂದು ಮಾತು. ಕಮೋಡ್ ಮೇಲೆ ಮಕ್ಕಳ ಕಾಲು ಗಾಳಿಯಲ್ಲಿ ನೇತಾಡುತ್ತದೆ. ಬಿದ್ದೇನು ಅನ್ನುವ ಭಯದಲ್ಲಿ ತೊಡೆ ಬಿಗಿಯಾಗುತ್ತದೆ, ಆಗ ಅಡಿಯ ಸ್ನಾಯು ಬಿಡುವುದಿಲ್ಲ. ಪಾದದ ಕೆಳಗೆ ಗಟ್ಟಿ ಮಣೆ ಇಡಿ. ಮಂಡಿ ಸೊಂಟಕ್ಕಿಂತ ಸ್ವಲ್ಪ ಮೇಲೆ ಬರಬೇಕು. ಮಕ್ಕಳ ಸೀಟು ಹಾಕಿ, ಇಲ್ಲದಿದ್ದರೆ ನಡುವೆ ಕುಸಿಯುತ್ತಾರೆ. ನಮ್ಮ ಇಂಡಿಯನ್ ಟಾಯ್ಲೆಟ್ ಈ ವಿಷಯದಲ್ಲಿ ಒಳ್ಳೆಯದೇ. ಕುಕ್ಕರುಗಾಲಲ್ಲಿ ಕೂತಾಗ ಗುದನಾಳದ ಬಾಗು ನೇರವಾಗುತ್ತದೆ, ಸಲೀಸಾಗಿ ಹೋಗುತ್ತದೆ.

ಊಟ ಆದ ಮೇಲೆ ಕರುಳು ತಾನಾಗಿಯೇ ಚುರುಕಾಗುತ್ತದೆ. ತಿಂಡಿಯಾದ ಹದಿನೈದು ಇಪ್ಪತ್ತು ನಿಮಿಷಕ್ಕೆ ಕೂರಿಸಿ. ಐದು ನಿಮಿಷ ಸಾಕು. ಬಂದರೂ ಶಹಬ್ಬಾಸ್, ಬರದಿದ್ದರೂ ಶಹಬ್ಬಾಸ್. ಮೆಚ್ಚುಗೆ ಕೂತದ್ದಕ್ಕೆ. ಶಿರಸಿ ಅಜ್ಜಿ "ಹಾಲು ಕುಡಿದ ಮೇಲೆ ಒಮ್ಮೆ" ಅಂದರಲ್ವಾ, ಅದೂ ಇದೇ ಕಾರಣಕ್ಕೆ.

ಪುಟ್ಟಿಯ ಅಮ್ಮ, ಮೈಸೂರು

ಎಲ್ಲರಿಗೂ ಕೈ ಮುಗಿಯುತ್ತೇನೆ. ಡಾಕ್ಟರ್‌ಗೆ ತೋರಿಸಿ ಬಂದೆವು. ಹೊಟ್ಟೆಯ ಎಡಗಡೆ ಕೆಳಗೆ ಮೆಲ್ಲಗೆ ಒತ್ತಿ, ನನ್ನ ಬೆರಳನ್ನೂ ಅಲ್ಲಿ ಇಡಿಸಿದರು. ಗಂಟಿನ ಹಾಗೆ ಕೈಗೆ ಸಿಕ್ಕಿತು. ಸಿಸ್ಟರ್ ಹೇಳಿದ ಅದೇ ಮಾತು ಹೇಳಿದರು, ಅದೇ ಪುಡಿ ಬರೆದರು. ಮೊದಲ ಕೆಲವು ದಿನ ತುಂಬಾ ಸಲ ಹೋಗುತ್ತಾಳೆ, ಚಡ್ಡಿಯೂ ಹಾಳಾಗುತ್ತದೆ, ಗಾಬರಿಯಾಗಿ ನಿಲ್ಲಿಸಬೇಡಿ ಅಂದರು. ಹಾಗೇ ಆಯಿತು. ಈಗ ಮೆತ್ತಗೆ ಹೋಗುತ್ತಿದೆ. ಡೈಪರ್‌ನಲ್ಲೇ ಮಾಡುತ್ತಾಳೆ, ಆದರೆ ಬಾತ್‌ರೂಮಿನೊಳಗೆ ನಿಂತು. ಅಳು ಇಲ್ಲ. ಊಟವೂ ಜಾಸ್ತಿಯಾಗಿದೆ, ಅದನ್ನು ನಾನು ಎಣಿಸಿರಲಿಲ್ಲ. ಅತ್ತೆಯೇ ಈಗ ಪುಡಿ ಕಲಸಿ ಕೊಡುತ್ತಾರೆ, ಒಂದು ದಿನವೂ ತಪ್ಪಿಸುವುದಿಲ್ಲ.

ಸ್ಕೂಲಿನ ಚಿಂತೆ ಮಾತ್ರ ಹಾಗೇ ಇದೆ.

ಕಲಬುರಗಿಯಿಂದ ಒಬ್ಬ ತಾಯಿ

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನ ಮಗನಿಗೆ ಐದು. ಹಗಲು ಪೂರ್ತಿ ಸರಿ, ರಾತ್ರಿ ಹಾಸಿಗೆ ಒದ್ದೆ. ಇದೂ ಹೀಗೇ ಏನಾದರೂ ಇರಬಹುದಾ?

ಮಕ್ಕಳ ವಾರ್ಡ್ ನರ್ಸ್, ದಾವಣಗೆರೆ

ರಾತ್ರಿಯದ್ದು ಬೇರೆ ವಿಷಯ, ಅದನ್ನು ಕಲಿಸಿ ಬರಿಸಲು ಆಗುವುದಿಲ್ಲ. ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 15 ಮಂದಿ ರಾತ್ರಿ ಒದ್ದೆ ಮಾಡುತ್ತಾರೆ, ಹುಡುಗರು ಜಾಸ್ತಿ. ಅಪ್ಪ ಅಮ್ಮನಿಗೆ ಚಿಕ್ಕಂದಿನಲ್ಲಿ ಇದ್ದರೆ ಮಕ್ಕಳಿಗೂ ಬರುವುದುಂಟು. ಬಹಳಷ್ಟು ಮಕ್ಕಳಲ್ಲಿ ತಾನಾಗಿಯೇ ಹೋಗುತ್ತದೆ. ಬಯ್ಯಬೇಡಿ. ಆದರೆ ಹೊಟ್ಟೆ ಕಟ್ಟುತ್ತದೆಯಾ ಅಂತ ಒಮ್ಮೆ ನೋಡಿ. ತುಂಬಿದ ಗುದನಾಳ ಮೂತ್ರಚೀಲವನ್ನು ಒತ್ತುತ್ತದೆ. ತಿಂಗಳುಗಟ್ಟಲೆ ಒಣಗಿದ್ದವನು ಇದ್ದಕ್ಕಿದ್ದಂತೆ ಶುರು ಮಾಡಿದ್ದರೆ, ಉರಿ ಅಂದರೆ, ನೀರು ತುಂಬಾ ಕುಡಿಯುತ್ತಿದ್ದರೆ ತಡ ಮಾಡದೆ ತೋರಿಸಿ.

ಅಂಗನವಾಡಿ ಟೀಚರ್, ಹಾಸನ ಜಿಲ್ಲೆ

ಸ್ಕೂಲಿನ ಮಾತು ಬಂತು, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮಲ್ಲಿ ಮೂರರಿಂದ ಆರು ವರ್ಷದ ಮಕ್ಕಳು ಬರುತ್ತಾರೆ. ಮನೆಯಲ್ಲಿ ಚೆನ್ನಾಗಿ ಕಲಿತ ಮಗುವೂ ಮೊದಲ ತಿಂಗಳು ನಮ್ಮಲ್ಲಿ ತಡೆದುಕೊಳ್ಳುತ್ತದೆ. ಹೊಸ ಜಾಗ, ಕತ್ತಲು, ಬಾಗಿಲಿಗೆ ಕೊಂಡಿ ಇಲ್ಲ, ನೆಲ ಒದ್ದೆ, ಯಾರನ್ನು ಕೇಳಬೇಕು ಅಂತ ಗೊತ್ತಿಲ್ಲ. ಕಮೋಡ್ ಮಾತ್ರ ಗೊತ್ತಿರುವ ಮಗುವಿಗೆ ನೆಲದ ಟಾಯ್ಲೆಟ್ಟಿನ ಕುಳಿ ಕಂಡರೆ ಕಾಲು ಜಾರಿ ಒಳಗೆ ಹೋದೇನು ಅನ್ನುವ ಭಯ. ನೆಲದ್ದು ಮಾತ್ರ ಗೊತ್ತಿರುವ ಮಗು ಕಮೋಡ್ ಮೇಲೆ ಹತ್ತಿ ಕುಕ್ಕರುಗಾಲಲ್ಲಿ ಕೂರಲು ಹೋಗಿ ಬೀಳುತ್ತದೆ. ಎರಡನ್ನೂ ನೋಡಿದ್ದೇನೆ.

ಶಾಲೆ ಶುರುವಾಗುವ ಮೊದಲೇ ಒಂದು ದಿನ ಮಗಳನ್ನು ಕರೆದುಕೊಂಡು ಹೋಗಿ, ಟಾಯ್ಲೆಟ್ ತೋರಿಸಿ. ಅಲ್ಲಿ ಸುಮ್ನೆ ನಿಂತು ನಲ್ಲಿ ಬಿಟ್ಟು ಕೈ ತೊಳೆದು ಬನ್ನಿ, ಅಷ್ಟು ಸಾಕು. ಯಾರಿಗೆ ಹೇಳಬೇಕು, ಆ ಆಯಾ ಯಾರು ಅಂತ ಮುಖ ಪರಿಚಯ ಮಾಡಿಸಿ. ಮನೆಯಲ್ಲಿ ಅವಳು ಯಾವ ಮಾತು ಹೇಳುತ್ತಾಳೋ ಅದನ್ನು ಟೀಚರ್‌ಗೆ ಬರೆದುಕೊಡಿ. ನಮ್ಮಲ್ಲೊಬ್ಬ ಹುಡುಗ "ಹೊರಗೆ ಹೋಗಬೇಕು" ಅನ್ನುತ್ತಿದ್ದ. ಆಟಕ್ಕೆ ಹೊರಗೆ ಅಂತ ತಿಳಿದು ಹೊಸ ಸಹಾಯಕಿ ಅವನನ್ನು ಕೂರಿಸಿಬಿಡುತ್ತಿದ್ದರು.

ಜೀನ್ಸ್, ಗುಂಡಿ, ಬೆಲ್ಟ್ ಬೇಡ. ಎಲಾಸ್ಟಿಕ್ ಚಡ್ಡಿ ಹಾಕಿ, ಇನ್ನೆರಡು ಚೀಲದಲ್ಲಿಡಿ. ತೊಳೆಯುವ ವಿಷಯವನ್ನೂ ಈಗಲೇ ಮಾತಾಡಿಕೊಳ್ಳಿ. ಎಷ್ಟೋ ಮಕ್ಕಳು ತಡೆದುಕೊಳ್ಳುವುದು ಆಮೇಲೆ ಯಾರು ತೊಳೆಸುತ್ತಾರೆ ಅನ್ನುವ ಸಂಕೋಚಕ್ಕೆ. ಹೆಣ್ಣುಮಗುವಿಗೆ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು ಅಂತ ಮನೆಯಲ್ಲೂ ಹೇಳಿಕೊಡಿ, ಅಲ್ಲೂ ಹೇಳಿ.

ಡೈಪರ್ ಇದ್ದರೆ ಬೇಡ ಅನ್ನುವ ಶಾಲೆಗೆ ಡಾಕ್ಟರ್ ಚೀಟಿ ತೋರಿಸಿ. ಹೊಟ್ಟೆ ಕಟ್ಟುವುದಕ್ಕೆ ಚಿಕಿತ್ಸೆ ನಡೆಯುತ್ತಿದೆ, ಸುಸು ತಾನೇ ಹೇಳುತ್ತಾಳೆ, ಕಕ್ಕ ಬೆಳಿಗ್ಗೆ ಮನೆಯಲ್ಲೇ ಆಗುತ್ತದೆ ಅಂತ ನೇರವಾಗಿ ಹೇಳಿ. ಹೆಚ್ಚಿನ ಟೀಚರ್‌ಗಳು ಒಪ್ಪುತ್ತಾರೆ. ಒಪ್ಪದಿದ್ದರೆ ಎರಡು ಮೂರು ತಿಂಗಳು ತಡವಾಗಿ ಸೇರಿಸಿ. ಮೂರು ವರ್ಷದ ಮಗುವಿಗೆ ಅದರಿಂದ ಕಳೆದುಹೋಗುವುದು ಏನೂ ಇಲ್ಲ.

ಪುಟ್ಟಿಯ ಅಮ್ಮ, ಮೈಸೂರು

ಟೀಚರ್, ತೊಳೆಯುವ ವಿಷಯ ನನಗೆ ಹೊಳೆದೇ ಇರಲಿಲ್ಲ. ಅವಳು ನನ್ನನ್ನು ಬಿಟ್ಟು ಬೇರೆ ಯಾರ ಹತ್ತಿರವೂ ತೊಳೆಸಿಕೊಳ್ಳುವುದಿಲ್ಲ. ಬೆಳಿಗ್ಗೆ ತಿಂಡಿಯಾದ ಮೇಲೆ ಕೂರಿಸಿ ಮುಗಿಸಿ ಕಳಿಸುವ ಹಾಗೆ ಸಮಯ ಹೊಂದಿಸುತ್ತೇನೆ. ಸ್ಕೂಲ್ ವ್ಯಾನ್ ಎಂಟೂವರೆಗೆ ಬರುತ್ತದೆ. ಅಷ್ಟರೊಳಗೆ ಗಡಿಬಿಡಿ ಆಗುತ್ತದೆ ಅಂತ ಭಯ.

ಧಾರವಾಡದ ಅಪ್ಪ

ವ್ಯಾನ್ ಬಿಡಿ. ಮೊದಲ ಒಂದೆರಡು ತಿಂಗಳು ನೀವೇ ಬಿಟ್ಟು ಬನ್ನಿ, ಸಾಧ್ಯವಾದರೆ. ಹಾರ್ನ್ ಕೇಳಿದ ತಕ್ಷಣ ನಮ್ಮವನು ಅರ್ಧಕ್ಕೇ ಎದ್ದುಬಿಡುತ್ತಿದ್ದ. ಇಲ್ಲದಿದ್ದರೆ ಅರ್ಧ ಗಂಟೆ ಮುಂಚೆ ಎಬ್ಬಿಸಿ, ತಿಂಡಿ ಬೇಗ ಕೊಡಿ. ಮತ್ತೆ, ಪುಡಿ ಮುಗಿಯುವ ಮೊದಲೇ ಇನ್ನೊಂದು ಡಬ್ಬಿ ತಂದಿಡಿ. ಊರಿಗೆ ಹೋಗುವಾಗ ಬ್ಯಾಗಿಗೆ ಹಾಕುವುದನ್ನು ಮರೆಯಬೇಡಿ, ಹಬ್ಬಕ್ಕೆ ಊರಿಗೆ ಹೋದಾಗಲೇ ಮತ್ತೆ ಕಟ್ಟುವುದು ಜಾಸ್ತಿ.